ರಸ್ತೆ ಧೂಳಿನಲ್ಲಿ ವಿಷಲೋಹ: ಕೊಡಗಿನಲ್ಲಿ ಮಾದರಿ ತೆಗೆಯುವುದು, ಅಳೆಸುವುದು, ವರದಿ ಓದುವುದು

ರಸ್ತೆಯಂಚಿನ ಒಂದು ಹಿಡಿ ಧೂಳನ್ನು ಪ್ರಯೋಗಾಲಯಕ್ಕೆ ಕೊಟ್ಟರೆ ಸೀಸ, ತಾಮ್ರ, ಸತು, ಕ್ರೋಮಿಯಂ, ನಿಕಲ್ ಎಲ್ಲಕ್ಕೂ ಒಂದೊಂದು ಅಂಕಿ ಬಂದೇ ಬರುತ್ತದೆ. ಕಾಡಿನೊಳಗಿನ ಮಣ್ಣು ಕೊಟ್ಟರೂ ಬರುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಎರಡು: ಈ ಊರಿನ ಮಣ್ಣಿನಲ್ಲಿ ಸಹಜವಾಗಿ ಇರುವುದಕ್ಕಿಂತ ಎಷ್ಟು ಹೆಚ್ಚಿದೆ? ಹೆಚ್ಚಾದದ್ದು ಎಲ್ಲಿಂದ ಬಂತು? ಮುಂದೆ ಹೇಳುವ ಕೆಲಸವೆಲ್ಲ ಈ ಎರಡು ಪ್ರಶ್ನೆಗಳಿಗಾಗಿ.

ಉಕ್ಕಿನ ಕಾರ್ಖಾನೆ ಅಥವಾ ಲೋಹ ಕರಗಿಸುವ ಕುಲುಮೆ ಇರುವ ಊರಿನಲ್ಲಿ ಧೂಳಿನ ಮೂಲ ಕಣ್ಣೆದುರಿಗೇ ಇರುತ್ತದೆ. ಚಿಮಣಿಯಿಂದ ದೂರ ಹೋದಂತೆ ಅಂಕಿ ಇಳಿಯುತ್ತದೆ, ನಕ್ಷೆ ತಾನಾಗಿ ಮೂಡುತ್ತದೆ. ಕೊಡಗಿನಲ್ಲಿ ಅಂಥ ದೊಡ್ಡ ಚಿಮಣಿ ಇಲ್ಲ. ಇಲ್ಲಿರುವುದು ಕುಶಾಲನಗರದ ಪಕ್ಕದ ಕೂಡ್ಲೂರು ಕೈಗಾರಿಕಾ ಪ್ರದೇಶ, ಪೇಟೆಗಳಲ್ಲಿ ವೆಲ್ಡಿಂಗ್, ಲೇತ್, ಬ್ಯಾಟರಿ ಅಂಗಡಿಗಳ ಸಾಲು, ಕಲ್ಲುಕೋರೆಗಳು, ಮತ್ತು ಕುಶಾಲನಗರದಿಂದ ಸುಂಟಿಕೊಪ್ಪ, ಮಡಿಕೇರಿ ಹಾದು ಸಂಪಾಜೆ ಘಾಟಿ ಇಳಿಯುವ ರಾಷ್ಟ್ರೀಯ ಹೆದ್ದಾರಿ 275. ಮೂಲಗಳು ಚಿಕ್ಕವು, ಚದುರಿದವು. ಜತೆಗೆ ಲೆಕ್ಕ ತಪ್ಪಿಸುವ ಎರಡು ಸಂಗತಿಗಳಿವೆ. ಒಂದು ನಮ್ಮ ಕೆಂಪು ಮಣ್ಣು: ಅದರಲ್ಲಿ ಕಬ್ಬಿಣ ಸಹಜವಾಗಿಯೇ ಹೆಚ್ಚು, ಕ್ರೋಮಿಯಂ ಕೂಡ ಹೆಚ್ಚಿರಬಹುದು. ಇನ್ನೊಂದು ತೋಟಕ್ಕೆ ಹೊಡೆಯುವ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್.

ಮೈಲುತುತ್ತದ ಲೆಕ್ಕ ನೋಡಿ. ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಶೇ. 1ರ ಬೋರ್ಡೋ ದ್ರಾವಣಕ್ಕೆ 200 ಲೀಟರ್ ಬ್ಯಾರೆಲ್‌ಗೆ 2 ಕೆ.ಜಿ. ಮೈಲುತುತ್ತ, 2 ಕೆ.ಜಿ. ಸುಣ್ಣ. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ. ಅಂದರೆ ಬ್ಯಾರೆಲ್ಲೊಂದಕ್ಕೆ ಸುಮಾರು ಅರ್ಧ ಕೆ.ಜಿ. ತಾಮ್ರ ಕಾಫಿ ಗಿಡ, ಮೆಣಸಿನ ಬಳ್ಳಿಯ ಮೇಲೆ ಬೀಳುತ್ತದೆ, ಎಲೆಯಿಂದ ತೊಳೆದು ಮಣ್ಣಿಗಿಳಿಯುತ್ತದೆ, ಅಲ್ಲೇ ಉಳಿಯುತ್ತದೆ. ಲೋಹ ಕೊಳೆಯುವುದಿಲ್ಲ. ದಶಕಗಳಿಂದ ಸಿಂಪಡಿಸಿದ ತೋಟದ ಮಣ್ಣು ಪಿಕಪ್ ಟೈರಿಗೆ ಅಂಟಿ ರಸ್ತೆಗೆ ಬಂದರೆ, ಧೂಳಿನ ವರದಿಯಲ್ಲಿ ತಾಮ್ರ ಏರಿ ಕೂರುತ್ತದೆ. ಅದನ್ನು ನೋಡಿ ಪಕ್ಕದ ಕಾರ್ಖಾನೆಯ ಮೇಲೆ ಬೆರಳು ತೋರಿಸಿದರೆ ತಪ್ಪಾಗುತ್ತದೆ. ಆ ಕಾರ್ಖಾನೆಯಿಂದಲೇ ಬಂದಿದ್ದರೂ ಅದನ್ನು ಸಾಬೀತು ಮಾಡಲು ಆಗುವುದಿಲ್ಲ.

ಮೊದಲು ಹಿನ್ನೆಲೆ ಮಣ್ಣು

ಹೆಚ್ಚಿನವರು ರಸ್ತೆಯ ಮಾದರಿ ಮೊದಲು ತೆಗೆದು, ದುಡ್ಡು ಮುಗಿದ ಮೇಲೆ ಹೋಲಿಕೆಯ ಮಣ್ಣನ್ನು ನೆನೆಯುತ್ತಾರೆ. ಅದನ್ನು ತಿರುಗಿಸಿ ಮಾಡಿ. ಕೊಡಗಿನಲ್ಲಿ ಮೂರು ಬಗೆಯ ಹಿನ್ನೆಲೆ ಮಾದರಿ ಬೇಕು.

ಮೊದಲನೆಯದು ಔಷಧ ಕಾಣದ ಮಣ್ಣು. ಇದಕ್ಕೆ ದೇವರಕಾಡಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ನೂರಾರು ವರ್ಷ ಉಳುಮೆ, ಗೊಬ್ಬರ, ಸಿಂಪಡಣೆ ಇಲ್ಲದೆ ಉಳಿದ ನೆಲ ಅದು, ಬಹುತೇಕ ಪ್ರತಿ ಊರಿಗೂ ಒಂದಿದೆ. ತಕ್ಕರಿಗೆ (ಊರಿನ, ದೇವಸ್ಥಾನದ ಹಿರಿಯ ಮುಖ್ಯಸ್ಥರು) ಮತ್ತು ದೇವಸ್ಥಾನ ಸಮಿತಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆಯಿರಿ. ಕೆಲವು ಕಾಡುಗಳಿಗೆ ಹಬ್ಬದ ದಿನ ಬಿಟ್ಟು ಯಾರೂ ಕಾಲಿಡುವುದಿಲ್ಲ, ಆ ಕಟ್ಟನ್ನು ಗೌರವಿಸಿ ಬೇರೆ ಕಾಡು ಹುಡುಕಿ. ರಸ್ತೆಯಿಂದ ಕನಿಷ್ಠ 200 ಮೀಟರ್ ಒಳಗೆ ಹೋಗಿ ತರಗೆಲೆ ಸರಿಸಿ, ಮೇಲಿನ 5 ಸೆಂ.ಮೀ. ಮಣ್ಣನ್ನು ಐದು ಕಡೆಯಿಂದ ತೆಗೆದು ಒಟ್ಟು ಮಾಡಿ. ಅರಣ್ಯ ಇಲಾಖೆಗೆ ಸೇರಿದ ಜಾಗವಾದರೆ ಇಲಾಖೆಯ ಅನುಮತಿಯೂ ಬೇಕು.

ಎರಡನೆಯದು ಅದೇ ಊರಿನ, ವರ್ಷಾವರ್ಷ ಬೋರ್ಡೋ ಹೊಡೆಯುವ ಕಾಫಿ ತೋಟದ ಮಣ್ಣು. ತೋಟದವರನ್ನು ಎಷ್ಟು ವರ್ಷದಿಂದ ಸಿಂಪಡಣೆ ನಡೆದಿದೆ, ಸತುವಿನ ಸಲ್ಫೇಟ್ ಎಲೆಗೆ ಹೊಡೆಯುತ್ತಾರೆಯೇ ಎಂದು ಕೇಳಿ ಬರೆದುಕೊಳ್ಳಿ. ಹೊಡೆಯುತ್ತಾರಾದರೆ ಸತು ಕೂಡ ತೋಟದಿಂದ ಬರಬಹುದು. ರಾಕ್ ಫಾಸ್ಫೇಟ್ ಗೊಬ್ಬರದಲ್ಲಿ ಕ್ಯಾಡ್ಮಿಯಂ ಇರುವುದರಿಂದ ಅದನ್ನೂ ಕೇಳಿ.

ಮೂರನೆಯದನ್ನು ಬಹುತೇಕ ಎಲ್ಲರೂ ಬಿಡುತ್ತಾರೆ: ಆ ರಸ್ತೆಗೆ ಬಳಸಿದ ಜಲ್ಲಿಯ ಪುಡಿ. ಡಾಂಬರು ಸವೆದಂತೆ ಧೂಳಿನ ದೊಡ್ಡ ಪಾಲು ಜಲ್ಲಿಯದೇ ಆಗುತ್ತದೆ. ಹತ್ತಿರದ ಕ್ರಷರ್‌ನಿಂದ ಅರ್ಧ ಕೆ.ಜಿ. ಪುಡಿ ಕೇಳಿ ತನ್ನಿ.

ಎಲ್ಲಿ, ಯಾವಾಗ

ಒಂದು ಚಿಕ್ಕ ಗುಂಪಿಗೆ 18 ಮಾದರಿಗಳ ಯೋಜನೆ ಸಾಕು: ರಸ್ತೆಯ 12, ಹಿನ್ನೆಲೆಯ 3, ಅದೇ ಜಾಗದ ಜೋಡಿ ಮಾದರಿ 2, ಖಾಲಿ ಮಾದರಿ (ಧೂಳಿನ ಬದಲು ಶುದ್ಧ ಮರಳು) 1. ಜೋಡಿ ಮತ್ತು ಖಾಲಿ ಮಾದರಿಗಳನ್ನು ಖರ್ಚು ಉಳಿಸಲೆಂದು ಕೈಬಿಡಬೇಡಿ. ನಿಮ್ಮ ಅಂಕಿಯನ್ನು ಎದುರಿನವರು ಪ್ರಶ್ನಿಸಿದಾಗ ಮಾತಾಡುವುದು ಅವೇ.

ಕೈಗಾರಿಕಾ ಪ್ರದೇಶವಾದರೆ ಗೇಟಿನಿಂದ 0, 50, 100, 250, 500, 1,000 ಮೀಟರ್ ದೂರಕ್ಕೆ ಒಂದೊಂದು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಗಾಳಿ ಬಹುಮಟ್ಟಿಗೆ ಪೂರ್ವ, ಈಶಾನ್ಯದಿಂದ ಬೀಸುವುದರಿಂದ ಪಶ್ಚಿಮದ ಕಡೆ ಹೆಚ್ಚು ಧೂಳು ಬೀಳುತ್ತದೆ ಎಂದಿಟ್ಟುಕೊಳ್ಳಬಹುದು. ಆದರೆ ಕಣಿವೆಯಲ್ಲಿ ಗಾಳಿ ಗುಡ್ಡ ಹೇಳಿದಂತೆ ಕೇಳುತ್ತದೆ. ಒಂದು ಕೋಲಿಗೆ ರಿಬ್ಬನ್ ಕಟ್ಟಿ ಬೆಳಗ್ಗೆ, ಮಧ್ಯಾಹ್ನ ನೋಡಿಕೊಳ್ಳಿ. ಘಾಟಿಯಲ್ಲಾದರೆ ನೇರ ರಸ್ತೆ ಒಂದು, ಇಳಿಜಾರಿನ ತಿರುವು ಒಂದು ಎಂದು ಜೋಡಿ ಮಾಡಿ. ಇಳಿಯುವ ಲಾರಿ ತಿರುವಿಗೆ ಮುಂಚೆ ಬ್ರೇಕ್ ತುಳಿಯುತ್ತದೆ, ಹತ್ತುವ ಲಾರಿ ಟೈರ್ ತೇಯುತ್ತದೆ. ಹಾಗಾಗಿ ರಸ್ತೆಯ ಎರಡು ಬದಿಯ ಧೂಳನ್ನು ಬೆರೆಸಬೇಡಿ.

ಕಾಲ: ಜನವರಿಯಿಂದ ಮಾರ್ಚ್, ಅದೂ ಹೂಮಳೆಗೆ (ಕಾಫಿ ಹೂ ಅರಳಿಸುವ ಬೇಸಿಗೆಯ ಮೊದಲ ಮಳೆ) ಮೊದಲು. ಕನಿಷ್ಠ ಏಳು ದಿನ ಮಳೆ ಬಿದ್ದಿರಬಾರದು. ಒಂದೇ ಒಂದು ಜೋರು ಹೂಮಳೆ ನುಣುಪು ಧೂಳನ್ನೆಲ್ಲ ಚರಂಡಿಗೆ ಒಯ್ದು, ರಸ್ತೆಯ ಮೇಲೆ ದಪ್ಪ ಮರಳು ಮಾತ್ರ ಬಿಡುತ್ತದೆ. ಮುಂಗಾರಿನಲ್ಲಿ ರಸ್ತೆ ಗುಡಿಸಿ ಪ್ರಯೋಜನವಿಲ್ಲ, ಆಗ ಮೋರಿಯ ಬಾಯಲ್ಲಿ ನಿಂತ ಹೂಳು ತೆಗೆಯಬೇಕು, ಅದನ್ನು ಬೇರೆ ಬಗೆಯ ಮಾದರಿಯೆಂದೇ ದಾಖಲಿಸಬೇಕು.

ದಿನದ ಹೊತ್ತು 10ರಿಂದ 12. ಬೆಳಗಿನ ಜಾವ ವಾಹನ ಕಡಿಮೆ ನಿಜ, ಆದರೆ ಇಬ್ಬನಿಗೆ ಒದ್ದೆಯಾದ ಡಾಂಬರಿನಿಂದ ನುಣುಪು ಧೂಳು ಏಳುವುದೇ ಇಲ್ಲ, ಮಂಜಿನಲ್ಲಿ ಲಾರಿಯವರಿಗೆ ನೀವು ಕಾಣುವುದೂ ಇಲ್ಲ. ವಾರಾಂತ್ಯ ಬೇಡ, ಪ್ರವಾಸಿಗರ ಕಾರು ಮುಗಿಯುವುದಿಲ್ಲ. ಮೂವರು ಹೋಗಿ: ಇಬ್ಬರು ಗುಡಿಸಲು, ಒಬ್ಬರು ಬರೀ ವಾಹನ ನೋಡಲು. ಹೊಳೆಯುವ ಜಾಕೆಟ್, 30 ಮೀಟರ್ ಹಿಂದೆ ಒಂದು ಕೋನ್. ತಿರುವಿನ ಒಳಮೈಯಲ್ಲಿ ಯಾವ ಕಾರಣಕ್ಕೂ ಕೂರಬೇಡಿ.

ಸಲಕರಣೆ

ಲೋಹ ಅಳೆಯುವ ಕೆಲಸದಲ್ಲಿ ಲೋಹದ ಸಾಮಾನು ಮುಟ್ಟಬಾರದು ಎಂಬುದು ಮೊದಲ ಮಾತು. ಬಣ್ಣವೂ ಬೇಡ ಎಂಬುದು ಎರಡನೆಯದು. ಹಳದಿ, ಕೆಂಪು ಪ್ಲಾಸ್ಟಿಕ್ಕಿನ ಬಣ್ಣದಲ್ಲೂ ಸೀಸ, ಕ್ಯಾಡ್ಮಿಯಂ ಇರಬಹುದು.

ಬಿಳಿ ಅಥವಾ ಪಾರದರ್ಶಕ ಪ್ಲಾಸ್ಟಿಕ್ ಮೊರ, ನೈಲಾನ್ ಎಳೆಯ ಪೂರ್ತಿ ಪ್ಲಾಸ್ಟಿಕ್ ಬ್ರಷ್, ಎರಡೂ ಹೊಸದು. ಪೇಂಟ್ ಬ್ರಷ್‌ನ ಕತ್ತಿನ ತಗಡು ಉಜ್ಜಿ ಮಾದರಿಗೆ ಬೀಳುತ್ತದೆ, ಬೇಡ. ತೆಂಗಿನ ಕಡ್ಡಿ ಪೊರಕೆ ದಪ್ಪ ಮರಳನ್ನು ತಳ್ಳಿ ನುಣುಪನ್ನು ಬಿಟ್ಟುಬಿಡುತ್ತದೆ. ಪೌಡರ್ ಇಲ್ಲದ ನೈಟ್ರೈಲ್ ಕೈಗವಸು, ಪೌಡರ್ ಇರುವುದರಿಂದ ಸತು ಸೇರಬಹುದು. ಬಿಸಿಲಿಗೆ ಹಚ್ಚುವ ಸತುವಿನ ಕ್ರೀಮ್ ಅಂದು ಹಚ್ಚಬೇಡಿ. ಒಂದು ಚದರ ಮೀಟರ್ ಗುರುತಿಸಲು ಪಿವಿಸಿ ಪೈಪಿನ ಚೌಕಟ್ಟು ಮಾಡುವ ಆಸೆ ಬರುತ್ತದೆ. ಹಳೆಯ ಪಿವಿಸಿಯಲ್ಲಿ ಸೀಸದ ಅಂಶ ಇರುವುದುಂಟು. ನಾಲ್ಕು ಮೀಟರ್ ಬಿಳಿ ನೈಲಾನ್ ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿ ತುದಿ ಕಟ್ಟಿದರೆ ಸಾಕು. ದಪ್ಪ ಜಿಪ್ ಚೀಲಗಳು, ಸೀಸದಕಡ್ಡಿ (ಹೆಸರಿಗೆ ಸೀಸ, ಒಳಗಿರುವುದು ಗ್ರಾಫೈಟ್, ತೊಂದರೆಯಿಲ್ಲ), ಎನ್‌95 ಮಾಸ್ಕ್, 0.1 ಗ್ರಾಂ ತೂಗುವ ತಕ್ಕಡಿ.

ಗುಡಿಸುವುದು

ಡಾಂಬರಿನ ಅಂಚಿನಿಂದ ಒಳಕ್ಕೆ ಅರ್ಧ ಮೀಟರ್ ಪಟ್ಟಿಯಲ್ಲೇ ಧೂಳು ನಿಲ್ಲುತ್ತದೆ. ನಮ್ಮ ರಸ್ತೆಗಳಿಗೆ ಹೆಚ್ಚಿನ ಕಡೆ ಕಲ್ಲಿನ ಅಂಚುಕಟ್ಟು ಇಲ್ಲ, ಪಕ್ಕದಲ್ಲೇ ಕೆಂಪು ಮಣ್ಣು. ಬ್ರಷ್ ಒಂದು ಬೆರಳು ಆಚೆ ಹೋದರೂ ಮಾದರಿಯ ತುಂಬ ಮಣ್ಣಾಗುತ್ತದೆ. ಆದ್ದರಿಂದ ಅಂಚಿನಿಂದ ಒಂದು ಗೇಣು ಬಿಟ್ಟು ಶುರುಮಾಡಿ.

ಒಂದು ಜಾಗವೆಂದರೆ 50 ಮೀಟರ್ ಉದ್ದದ ತುಂಡು. ಅದರಲ್ಲಿ ಐದು ಕಡೆ ಒಂದೊಂದು ಚದರ ಮೀಟರ್ ಗುಡಿಸಿ ಒಂದೇ ಚೀಲಕ್ಕೆ ಹಾಕಿ. ಅರ್ಧ ಮೀಟರ್ ಪಟ್ಟಿಯಾದ್ದರಿಂದ ಹಗ್ಗವನ್ನು 2 ಮೀಟರ್ ಉದ್ದ, ಅರ್ಧ ಮೀಟರ್ ಅಗಲ ಹಾಸಬೇಕಾದರೆ 5 ಮೀಟರ್ ಹಗ್ಗ ಬೇಕು. ಎರಡು ಬಗೆಯ ಹಗ್ಗವನ್ನೂ ಮನೆಯಲ್ಲೇ ಕಟ್ಟಿಕೊಂಡು ಹೋಗಿ. ಎಲೆ, ಕಡ್ಡಿ, ಗುಟ್ಕಾ ಚೀಟಿ ಕೈಯಿಂದ ಆಯ್ದು ಬಿಸಾಡಿ. ನಂತರ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಕೊನೆಗೆ ಮತ್ತೆ ಉದ್ದಕ್ಕೆ, ನಿಧಾನವಾಗಿ, ಬ್ರಷ್ ನೆಲಕ್ಕೆ ಒತ್ತಿ. ಜೋರಾಗಿ ಬೀಸಿದರೆ ನಿಮಗೆ ಬೇಕಾದ ನುಣುಪೇ ಗಾಳಿಗೆ ಹೋಗುತ್ತದೆ, ನಿಮ್ಮ ಮೂಗಿಗೂ ಹೋಗುತ್ತದೆ. ಡಾಂಬರಿನ ರಂಧ್ರದಲ್ಲಿ ಸ್ವಲ್ಪ ಉಳಿಯುವುದು ಖಚಿತ, ಅದಕ್ಕೆ ಚಿಂತೆ ಬೇಡ, ಎಲ್ಲ ಜಾಗದಲ್ಲೂ ಅದೇ ಮೂರು ಬಾರಿ, ಅದೇ ಕೈ ಇರಲಿ. ಗುರಿ ಕನಿಷ್ಠ 300 ಗ್ರಾಂ. ಜರಡಿಯಲ್ಲಿ ಹತ್ತರಲ್ಲೊಂದು ಪಾಲು ಇಳಿದರೂ 30 ಗ್ರಾಂ ಕೈಗೆ ಬರುತ್ತದೆ, ಪ್ರಯೋಗಾಲಯಕ್ಕೆ ಬೇಕಾಗುವುದು ಒಂದು ಗ್ರಾಂ.

ಮುಂದಿನ ಜಾಗಕ್ಕೆ ಹೋಗುವ ಮುನ್ನ ಬ್ರಷ್, ಮೊರವನ್ನು ಒಣ ಟಿಶ್ಯೂ, ಆಮೇಲೆ ಡಿಸ್ಟಿಲ್ಡ್ ನೀರು ಹಾಕಿದ ಟಿಶ್ಯೂವಿನಿಂದ ಒರೆಸಿ ಒಣಗಿಸಿ. ಕೊಳೆ ಕಡಿಮೆ ಇರುವ ಜಾಗ ಮೊದಲು, ವರ್ಕ್‌ಶಾಪ್ ಸಾಲು ಕೊನೆಗೆ.

ಖಾಲಿ ಮಾದರಿಗೆ: ಪ್ರಯೋಗಾಲಯದ ಶುದ್ಧ ಸ್ಫಟಿಕ ಮರಳನ್ನು ಬಿಳಿ ಪ್ಲಾಸ್ಟಿಕ್ ಹಾಳೆಯ ಮೇಲೆ ಸುರಿದು ಅದೇ ಬ್ರಷ್‌ನಿಂದ ಗುಡಿಸಿ ಚೀಲಕ್ಕೆ ಹಾಕಿ. ಇದರಲ್ಲಿ ಸತು ಬಂದರೆ ಅದು ನಿಮ್ಮ ಸಲಕರಣೆಯ ಸತು.

ಚೀಟಿಯನ್ನು ಧೂಳಿನ ಜತೆ ಒಳಗಿಡಬೇಡಿ. ಮಾದರಿಯ ಚೀಲವನ್ನು ಇನ್ನೊಂದು ಚೀಲದಲ್ಲಿಟ್ಟು ಎರಡರ ನಡುವೆ ಚೀಟಿ ಇಡಿ. ಬರೆಯಬೇಕಾದ್ದು: ಸಂಕೇತ, ದಿನ, ಹೊತ್ತು, ಗುಡಿಸಿದ ಚದರ ಮೀಟರ್, ಕೊನೆಯ ಮಳೆಯ ದಿನ, ರಸ್ತೆ ಏರೋ ಇಳಿಜಾರೋ, 20 ಮೀಟರ್ ಒಳಗೆ ಏನೇನಿದೆ. ಇದು ಮುಖ್ಯ: ಸತು ಲೇಪದ ತಗಡಿನ ಮಾಡು, ಕ್ರ್ಯಾಶ್ ಬ್ಯಾರಿಯರ್, ಹಳದಿ ಪಟ್ಟೆ, ಹಳೆಯ ಬಣ್ಣ ಸುಲಿದ ಗೇಟು, ಎಲ್ಲವನ್ನೂ ಬರೆಯಿರಿ. ಮರಗಳ ಕೆಳಗೆ ಮೊಬೈಲಿನ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ತಪ್ಪುತ್ತದೆ, ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನೂ ಸೇರಿಸಿ.

ಅಯಸ್ಕಾಂತ ಹಿಡಿದು ನೋಡಿ

ದುಡ್ಡು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಹಳೆಯ ಸ್ಪೀಕರ್‌ನ ಅಯಸ್ಕಾಂತವನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬಿಳಿ ಕಾಗದದ ಮೇಲೆ ತೆಳ್ಳಗೆ ಹರಡಿದ 10 ಗ್ರಾಂ ಧೂಳಿನ ಮೇಲೆ ಆಡಿಸಿ. ಅಂಟಿದ್ದನ್ನು ಇನ್ನೊಂದು ಕಾಗದದ ಮೇಲೆ ತಂದು ಚೀಲದೊಳಗಿಂದ ಅಯಸ್ಕಾಂತವನ್ನು ಎಳೆದರೆ ಕಪ್ಪು ಪುಡಿ ಕೆಳಗೆ ಉದುರುತ್ತದೆ. 20 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ನೋಡಿ. ಮೂಲೆಮೂಲೆಯಾದ, ಮಾಸಲು ಕಣಗಳು ಮಣ್ಣಿನ, ಕಲ್ಲಿನ ಖನಿಜ. ಸುರುಳಿ, ಚೂಪು ತುದಿಯ ಹೊಳೆಯುವ ಸಿಬಿರು ಲೇತ್ ಅಥವಾ ಗ್ರೈಂಡರ್‌ನದು. ಸಾಸಿವೆಯಂತೆ ಗುಂಡಗೆ, ನುಣ್ಣಗೆ, ಕರಿ ಮಣಿಯಂತೆ ಹೊಳೆಯುವ ಕಣ ಕಂಡರೆ ಅದು ಒಮ್ಮೆ ಕರಗಿ ಗಾಳಿಯಲ್ಲಿ ಗಟ್ಟಿಯಾದ ಲೋಹ: ವೆಲ್ಡಿಂಗ್, ಗ್ರೈಂಡಿಂಗ್ ಕಿಡಿ ಇಲ್ಲವೇ ಕುಲುಮೆಯ ಹೊಗೆ. ದೇವರಕಾಡಿನ ಮಣ್ಣಿಗೂ ಇದನ್ನೇ ಮಾಡಿ ಪಕ್ಕಪಕ್ಕ ಇಡಿ; ಕೆಂಪು ಮಣ್ಣಿನಲ್ಲೂ ಅಯಸ್ಕಾಂತಕ್ಕೆ ಅಂಟುವುದು ಸಾಕಷ್ಟಿರುತ್ತದೆ, ಅದಿಲ್ಲದೆ ಬರೀ ಕಪ್ಪು ಪುಡಿಯ ಪ್ರಮಾಣ ನೋಡಿ ಗಾಬರಿಯಾಗಬೇಡಿ. ಸೀಸ, ತಾಮ್ರ, ಸತು ಅಯಸ್ಕಾಂತಕ್ಕೆ ಅಂಟುವುದಿಲ್ಲ ಎಂಬುದೂ ನೆನಪಿರಲಿ. ಈ ಪರೀಕ್ಷೆ ಯಾವ 12 ಜಾಗ ಆರಿಸಬೇಕು ಎಂದು ತೋರಿಸುತ್ತದೆ, ಅಷ್ಟಕ್ಕೇ ಅದರ ಉಪಯೋಗ. ಪರೀಕ್ಷೆಗೆ ಬಳಸಿದ ಧೂಳನ್ನು ಮಾದರಿಗೆ ಹಿಂದಕ್ಕೆ ಸುರಿಯಬೇಡಿ.

ಒಣಗಿಸಿ ಜರಡಿ ಹಿಡಿಯುವುದು

ಬಿಳಿ ಕಾಗದದ ಮೇಲೆ ಹರಡಿ, ಮೇಲೊಂದು ಕಾಗದ ಮುಚ್ಚಿ, ಗಾಳಿ ಬೀಸದ ಕೋಣೆಯಲ್ಲಿ ಮೂರರಿಂದ ಐದು ದಿನ. ಓವನ್ ಇದ್ದರೆ 40 ಡಿಗ್ರಿಗಿಂತ ಹೆಚ್ಚು ಬೇಡ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವ ಅಭ್ಯಾಸ ಇಲ್ಲಿ ಬೇಡ, ಬೂದಿ ಬೀಳುತ್ತದೆ. ಒಣಗಿದ ಮೇಲೆ ಒಟ್ಟು ತೂಕ ಬರೆದುಕೊಳ್ಳಿ.

ಇನ್ನು ಜರಡಿ. ಇಡೀ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಕಾಲೇಜು ಲ್ಯಾಬ್‌ಗಳಲ್ಲಿ ಸಿಗುವ ಜರಡಿ ಹಿತ್ತಾಳೆಯದು, ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಸ್ಟೀಲ್ ಜರಡಿಯಿಂದ ಕ್ರೋಮಿಯಂ, ನಿಕಲ್ ಸೇರುತ್ತದೆ. ನೈಲಾನ್ ಜಾಲರಿ ತರಿಸಿ: 2 ಮಿ.ಮೀ. ಒಂದು, 63 ಮೈಕ್ರಾನ್ ಒಂದು (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು). ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯ ತಳ ಕತ್ತರಿಸಿ, ಬಾಯಿಗೆ ಜಾಲರಿ ಬಿಗಿದು, ಅದರ ಮುಚ್ಚಳದ ನಡುವನ್ನು ಕತ್ತರಿಸಿ ಬಳೆಯಂತೆ ತಿರುಗಿಸಿದರೆ ಜರಡಿ ಸಿದ್ಧ. ಇಡೀ ಜರಡಿಯನ್ನು ದೊಡ್ಡ ಚೀಲದೊಳಗಿಟ್ಟು ಅಲ್ಲಾಡಿಸಿ.

63 ಮೈಕ್ರಾನ್ ಯಾಕೆ? ಲಾರಿ ಹೋದಾಗ ಮೇಲೆದ್ದು ತೇಲುವ ಧೂಳು ಸುಮಾರಾಗಿ ಅಷ್ಟು ಅಥವಾ ಇನ್ನೂ ಸಣ್ಣ, ಲೋಹ ಹೆಚ್ಚು ಅಂಟುವುದೂ ಅದಕ್ಕೇ. ಪ್ರಶ್ನೆ ಅಂಗನವಾಡಿ ಅಂಗಳದ್ದಾದರೆ 150 ಮೈಕ್ರಾನ್ ಜಾಲರಿ ಹಾಕಿ, ಮಕ್ಕಳ ಕೈಗೆ ಅಂಟಿ ಬಾಯಿಗೆ ಹೋಗುವುದು ಆ ಗಾತ್ರದವರೆಗಿನ ಕಣ. ಎರಡರ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಹೋಲಿಸಬೇಡಿ. ಹಿನ್ನೆಲೆ ಮಣ್ಣನ್ನೂ ಅದೇ ಜಾಲರಿಯಲ್ಲಿ ಹಾಯಿಸಲೇಬೇಕು. ಇಡೀ ಮಣ್ಣಿಗೆ ನುಣುಪು ಧೂಳನ್ನು ಹೋಲಿಸಿದರೆ ಧೂಳು ಯಾವತ್ತೂ ಕೆಟ್ಟದ್ದಾಗಿಯೇ ಕಾಣುತ್ತದೆ.

ಕೆಂಪು ಮಣ್ಣಿನ ಹೆಂಟೆಯನ್ನು ಮರದ ಚಮಚದ ಬೆನ್ನಿನಿಂದ ಮೆಲ್ಲಗೆ ಒತ್ತಿ ಬಿಡಿಸಿ. ಅರೆಯಬೇಡಿ. ಅರೆದರೆ ಲೋಹವಿಲ್ಲದ ಮರಳೂ ಪುಡಿಯಾಗಿ ಜಾಲರಿ ದಾಟಿ ಅಂಕಿಯನ್ನು ಕೆಳಕ್ಕೆ ಎಳೆಯುತ್ತದೆ. ಕೊನೆಗೆ ಇಳಿದ ಪುಡಿಯ ತೂಕ ಬರೆಯಿರಿ. ಕಳಿಸುವ ಪಾಲು ತೆಗೆಯಲು ಪುಡಿಯನ್ನು ಗೋಪುರ ಮಾಡಿ, ಚಪ್ಪಟೆಗೊಳಿಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಇಟ್ಟುಕೊಳ್ಳಿ; 10 ಗ್ರಾಂ ಉಳಿಯುವವರೆಗೆ ಹೀಗೆ.

ಪ್ರಯೋಗಾಲಯಕ್ಕೆ ಏನು ಹೇಳಬೇಕು

ಆಮ್ಲದಲ್ಲಿ ಕರಗಿಸುವ ಕೆಲಸ ನಿಮ್ಮದಲ್ಲ, ಶಾಲೆಯ ಲ್ಯಾಬ್‌ನಲ್ಲೂ ಬೇಡ. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯಿರುವ ಪ್ರಯೋಗಾಲಯ ಹುಡುಕಿ, ಮಾನ್ಯತೆ ಮಣ್ಣಿನಲ್ಲಿನ ಲೋಹಕ್ಕೇ ಇದೆಯೇ ನೋಡಿ. ನೀರಿಗೆ ಮಾತ್ರ ಇರುವ ಕಡೆ ಮಣ್ಣು ಕೊಟ್ಟರೆ ಫಲಿತಾಂಶಕ್ಕೆ ಬೆಲೆಯಿಲ್ಲ. ಬರಹದಲ್ಲಿ ಕೇಳಬೇಕಾದ್ದು: ಕರಗಿಸುವ ವಿಧಾನ ಯಾವುದು, ಐಸಿಪಿ-ಎಂಎಸ್, ಐಸಿಪಿ-ಒಇಎಸ್, ಎಎಎಸ್ ಇವುಗಳಲ್ಲಿ ಲೋಹ ಅಳೆಯುವ ಯಾವ ಯಂತ್ರ, ಪ್ರತಿ ಲೋಹದ ಕನಿಷ್ಠ ಪತ್ತೆ ಮಿತಿ ಎಷ್ಟು, ಪ್ರಮಾಣಿತ ಮಣ್ಣನ್ನು (ಲೋಹದ ಅಂಕಿ ಮೊದಲೇ ಗೊತ್ತಿರುವ ಮಣ್ಣು) ಜತೆಗೆ ಓಡಿಸಿ ಅದರ ಫಲಿತಾಂಶ ಕೊಡುತ್ತೀರಾ. ಅಂಕಿ ಒಣ ತೂಕಕ್ಕೆ ಮಿ.ಗ್ರಾಂ/ಕೆ.ಜಿ.ಯಲ್ಲಿ ಬೇಕು. 18 ಮಾದರಿಯೂ ಒಂದೇ ಪ್ರಯೋಗಾಲಯ, ಒಂದೇ ವಿಧಾನ. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಕ್ರೋಮಿಯಂ ಖನಿಜವನ್ನು ಪೂರ್ತಿ ಕರಗಿಸುವುದಿಲ್ಲ, ಹಾಗಾಗಿ ಬೇರೆ ಬೇರೆ ವಿಧಾನದ ಅಂಕಿಗಳು ಹೊಂದುವುದಿಲ್ಲ.

ಪಟ್ಟಿ: ಸೀಸ, ಸತು, ತಾಮ್ರ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕಲ್, ಮ್ಯಾಂಗನೀಸ್, ಆರ್ಸೆನಿಕ್, ಜತೆಗೆ ಆಂಟಿಮನಿ, ಬೇರಿಯಂ, ಕಬ್ಬಿಣ. ದುಡ್ಡು ಸಾಲದಿದ್ದರೆ ಮಾದರಿ ಕಡಿಮೆ ಮಾಡಿ, ಆಂಟಿಮನಿಯನ್ನು ಮಾತ್ರ ಬಿಡಬೇಡಿ. ಕಾರಣ ಮುಂದೆ ಬರುತ್ತದೆ.

ಕೈಯಲ್ಲಿ ಹಿಡಿದು ಎಕ್ಸ್‌ರೇ ಹಾಯಿಸಿ ಲೋಹ ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರ ಸಿಕ್ಕರೆ ಮೊದಲ ಸುತ್ತಿನ ಹುಡುಕಾಟಕ್ಕೆ ಒಳ್ಳೆಯದು. ಆದರೆ ಸೀಸ ಮತ್ತು ಆರ್ಸೆನಿಕ್‌ನ ಗೆರೆಗಳು ಅದರಲ್ಲಿ ಒಂದರ ಮೇಲೊಂದು ಬೀಳುತ್ತವೆ. ಸೀಸ ಹೆಚ್ಚಿದ್ದಲ್ಲಿ ಅದು ಹೇಳುವ ಆರ್ಸೆನಿಕ್ ನಂಬಬೇಡಿ. ಕ್ಯಾಡ್ಮಿಯಂನ ಸಣ್ಣ ಪ್ರಮಾಣ ಅದಕ್ಕೆ ಕಾಣುವುದಿಲ್ಲ.

ವರದಿ ಬಂದ ಮೇಲೆ

ಮೊದಲು ಜೋಡಿ ಮಾದರಿ ನೋಡಿ. ಒಂದರಲ್ಲಿ ಸತು 300, ಇನ್ನೊಂದರಲ್ಲಿ 400 ಇದ್ದರೆ ವ್ಯತ್ಯಾಸ 100, ಸರಾಸರಿ 350, ಅಂದರೆ ಶೇ. 29. ರಸ್ತೆ ಧೂಳಿಗೆ ಶೇ. 30ರವರೆಗೆ ಸಹಿಸಬಹುದು. ಆಮೇಲೆ ಎರಡು ಜಾಗಗಳ ನಡುವೆ ಅದಕ್ಕಿಂತ ಕಡಿಮೆ ವ್ಯತ್ಯಾಸ ಕಂಡರೆ ಅದನ್ನು ವ್ಯತ್ಯಾಸವೆಂದು ಕರೆಯಬೇಡಿ.

ನಂತರ ಹೋಲಿಕೆ. 1969ರಲ್ಲಿ ಮುಲ್ಲರ್ ಕೊಟ್ಟ ಭೂಸಂಚಯ ಸೂಚ್ಯಂಕ ಸುಲಭ: ಧೂಳಿನ ಅಂಕಿಯನ್ನು ಹಿನ್ನೆಲೆಯ ಅಂಕಿಯ ಒಂದೂವರೆ ಪಟ್ಟಿನಿಂದ ಭಾಗಿಸಿ, ಬಂದದ್ದಕ್ಕೆ 2ರ ಆಧಾರದ ಲಾಗ್ ತೆಗೆಯಿರಿ (ಕ್ಯಾಲ್ಕುಲೇಟರ್‌ನ ಲಾಗ್ ಅನ್ನು 0.301ರಿಂದ ಭಾಗಿಸಿದರಾಯಿತು). ಸೊನ್ನೆ ಅಥವಾ ಕೆಳಗೆ ಬಂದರೆ ಮಾಲಿನ್ಯವಿಲ್ಲ, 1ರಿಂದ 2 ಮಧ್ಯಮ, 3 ದಾಟಿದರೆ ತೀವ್ರ, 5 ದಾಟಿದರೆ ವಿಪರೀತ.

ಮೂರು ಹಿನ್ನೆಲೆ ಯಾಕೆ ಎಂಬುದಕ್ಕೆ ಉತ್ತರ ಈ ಲೆಕ್ಕದಲ್ಲಿದೆ. ಉದಾಹರಣೆಗೆಂದು ಧೂಳಿನಲ್ಲಿ ತಾಮ್ರ 180, ದೇವರಕಾಡಿನಲ್ಲಿ 30, ತೋಟದಲ್ಲಿ 120 ಎಂದಿಟ್ಟುಕೊಳ್ಳಿ. ಕಾಡಿಗೆ ಹೋಲಿಸಿದರೆ 180 ಭಾಗಿಸು 45, ಅಂದರೆ 4, ಸೂಚ್ಯಂಕ 2. ತೋಟಕ್ಕೆ ಹೋಲಿಸಿದರೆ 180 ಭಾಗಿಸು 180, ಸೂಚ್ಯಂಕ ಸೊನ್ನೆ. ಒಂದೇ ಧೂಳು, ಒಂದೇ ಅಂಕಿ. ತೋಟದ ಮಣ್ಣೇ ರಸ್ತೆಗೆ ಬಂದಿದೆಯೋ ಬೇರೆ ತಾಮ್ರ ಸೇರಿದೆಯೋ ಎಂದು ತೀರ್ಮಾನಿಸಲು ಇನ್ನೊಂದು ಲೋಹ ಬೇಕು, ಅದೇ ಆಂಟಿಮನಿ. ಬ್ರೇಕ್ ಪ್ಯಾಡ್ ಧೂಳಿನಲ್ಲಿ ತಾಮ್ರ, ಆಂಟಿಮನಿ, ಬೇರಿಯಂ ಒಟ್ಟಿಗೆ ಬರುತ್ತವೆ. ಮೈಲುತುತ್ತದ ತಾಮ್ರ ಒಂಟಿ. ಘಾಟಿಯ ತಿರುವಿನಲ್ಲಿ ಮೂರೂ ಏರಿದ್ದರೆ ಬ್ರೇಕ್, ತಾಮ್ರ ಮಾತ್ರ ಏರಿ ಉಳಿದೆರಡು ಕಾಡಿನ ಮಟ್ಟದಲ್ಲೇ ಇದ್ದರೆ ತೋಟ.

ಉಳಿದ ಗುರುತುಗಳು ಹೀಗೆ. ಸತು ಒಂದೇ ಏರಿದ್ದರೆ ಟೈರ್ ಅಥವಾ ತಗಡು. ಟೈರಿನ ರಬ್ಬರಿನಲ್ಲಿ ಶೇ. 1ರಿಂದ 2ರಷ್ಟು ಸತುವಿನ ಆಕ್ಸೈಡ್ ಇರುತ್ತದೆ. ಸೀಸ ಮತ್ತು ಆಂಟಿಮನಿ ಒಟ್ಟಿಗೆ, ತಾಮ್ರ ಕಡಿಮೆ: ಬ್ಯಾಟರಿ ಒಡೆಯುವ ಜಾಗ, ಇಲ್ಲವೇ ಚಕ್ರದ ಸಮತೋಲನಕ್ಕೆ ಹೊಡೆದು ಬಿದ್ದ ಸೀಸದ ತುಂಡು. ಸೀಸ ಮತ್ತು ಕ್ರೋಮಿಯಂ ಎರಡೂ ಏರಿ, ಏರಿದ ಪಾಲು ಸುಮಾರು 4ಕ್ಕೆ 1ರಂತಿದ್ದರೆ ಹಳದಿ ರಸ್ತೆ ಬಣ್ಣದ ಲೆಡ್ ಕ್ರೋಮೇಟ್. ಮಾದರಿಯಲ್ಲಿ ಹಳದಿ ಚಕ್ಕೆಯೂ ಕಾಣಬೇಕು. ಕ್ರೋಮಿಯಂ, ನಿಕಲ್, ಮ್ಯಾಂಗನೀಸ್ ಜತೆಯಾಗಿ ಏರಿದ್ದರೆ ಸ್ಟೇನ್‌ಲೆಸ್ ಸ್ಟೀಲಿನ ವೆಲ್ಡಿಂಗ್, ಗ್ರೈಂಡಿಂಗ್. ಪೆಟ್ರೋಲಿನ ಸೀಸ 2000ದಲ್ಲೇ ನಿಂತಿತು, ಆದರೆ ಹಳೆಯ ರಸ್ತೆಗಳ ಪಕ್ಕದ ಮಣ್ಣಿನಲ್ಲಿ ಅದು ಇನ್ನೂ ಕೂತಿದೆ. ರಸ್ತೆ ಅಗಲಮಾಡಲು ಅಂಚು ಅಗೆದಾಗ ಸೀಸ ಏರಿದರೆ ಅದೂ ಒಂದು ಕಾರಣ.

ಹೊರಗಿನ ಮಿತಿಗಳನ್ನು ಎಚ್ಚರದಿಂದ ಬಳಸಿ. ಅಮೆರಿಕದ ಪರಿಸರ ಸಂಸ್ಥೆ ಮನೆಯಂಗಳದ ಮಣ್ಣಿನ ಸೀಸಕ್ಕೆ ಇಟ್ಟಿದ್ದ 400 ಮಿ.ಗ್ರಾಂ/ಕೆ.ಜಿ. ಮಟ್ಟವನ್ನು 2024ರಲ್ಲಿ 200ಕ್ಕೆ ಇಳಿಸಿತು. ಕೆನಡಾ ವಸತಿ ನೆಲಕ್ಕೆ ಸೀಸ 140, ಸತು 250, ತಾಮ್ರ 63, ಕ್ರೋಮಿಯಂ 64, ನಿಕಲ್ 45 ಎನ್ನುತ್ತದೆ. ಭೂಮಿಯ ಮೇಲ್ಪದರದ ಸರಾಸರಿಯೇ ಕ್ರೋಮಿಯಂ 92, ನಿಕಲ್ 47! ಹಾಗಾಗಿ ಕೆಂಪು ಮಣ್ಣಿನ ನಾಡಿನಲ್ಲಿ ಕ್ರೋಮಿಯಂ 64 ದಾಟಿತೆಂದು ಪತ್ರಿಕೆಗೆ ಹೋದರೆ ಒಂದೇ ಪ್ರಶ್ನೆಗೆ ನಿಮ್ಮ ವಾದ ಬೀಳುತ್ತದೆ. ಸೀಸಕ್ಕೆ ಮಾತ್ರ ಈ ಮಿತಿಗಳನ್ನು ಗಂಭೀರವಾಗಿ ತೆಗೆದುಕೊಳ್ಳಿ. ಅದರ ಸರಾಸರಿ 17, 200 ಅಂದರೆ ಯಾರೋ ತಂದು ಹಾಕಿದ್ದೇ. 2009ರ ರಾಷ್ಟ್ರೀಯ ವಾಯು ಮಾನದಂಡದ ಸೀಸದ ಮಿತಿ, ವಾರ್ಷಿಕ ಸರಾಸರಿ ಘನ ಮೀಟರಿಗೆ 0.5 ಮೈಕ್ರೋಗ್ರಾಂ, ಗಾಳಿಗೆ ಸಂಬಂಧಿಸಿದ್ದು, ನೆಲದ ಧೂಳಿಗೆ ಹೊಂದಿಸಲು ಬರುವುದಿಲ್ಲ.

ಇನ್ನೊಂದು ಲೆಕ್ಕವನ್ನು ತಪ್ಪದೆ ಮಾಡಿ: ಚದರ ಮೀಟರಿಗೆ ಎಷ್ಟು ಲೋಹ. ಒಂದು ಜಾಗದಲ್ಲಿ ಚದರ ಮೀಟರಿಗೆ 45 ಗ್ರಾಂ ನುಣುಪು ಧೂಳು, ಸೀಸ 110 ಎಂದರೆ ಸುಮಾರು 5 ಮಿ.ಗ್ರಾಂ ಸೀಸ. ಇನ್ನೊಂದರಲ್ಲಿ 8 ಗ್ರಾಂ, ಸೀಸ 300 ಎಂದರೆ 2.4 ಮಿ.ಗ್ರಾಂ. ವರದಿಯಲ್ಲಿ ಎರಡನೆಯದು ಕೆಟ್ಟದ್ದು, ಮೊದಲ ಮಳೆಗೆ ಹೊಳೆಗೆ ಹೆಚ್ಚು ಸೀಸ ಕೊಡುವುದು ಮೊದಲನೆಯದು. ಅದಕ್ಕೇ ತೂಕ ಬರೆಯಿರಿ ಎಂದದ್ದು.

ಅಂಕಿ ಹೆಚ್ಚಿದ್ದರೆ

ಮೊದಲು ಮೆಣಸು. ರಸ್ತೆಯಂಚಿನ ಡಾಂಬರಿನ ಮೇಲೆ, ಟಾರ್ಪಾಲ್ ಹಾಸಿಯಾದರೂ ಸರಿ, ಮೆಣಸು ಒಣಗಿಸುವುದನ್ನು ನಿಲ್ಲಿಸಬೇಕು. ಕಾಫಿಗೆ ಸಿಪ್ಪೆಯಿದೆ, ಕ್ಯೂರಿಂಗ್‌ನಲ್ಲಿ ಹೋಗುತ್ತದೆ. ಮೆಣಸಿನ ಕಾಳು ಸುಕ್ಕಿನಲ್ಲಿ ಹಿಡಿದ ಧೂಳಿನ ಸಮೇತ ನೇರ ಅಡುಗೆಗೆ ಹೋಗುತ್ತದೆ. ಮನೆಯ ಕಣವಿಲ್ಲದವರಿಗೆ ರಸ್ತೆಯಿಂದ ಒಳಗೆ, ನೆಲದಿಂದ ಎರಡಡಿ ಎತ್ತರದ ಬಿದಿರಿನ ಅಟ್ಟಣಿಗೆ ಸಾಕು.

ಅಂಗನವಾಡಿ, ಶಾಲೆ ರಸ್ತೆಗೆ ತಾಗಿದ್ದರೆ ಬರಿ ಮಣ್ಣಿನ ಅಂಗಳಕ್ಕೆ ಹುಲ್ಲು ಹೊದಿಸಿ, ರಸ್ತೆಯ ಕಡೆ ದಟ್ಟ ಬೇಲಿಗಿಡ ಹಾಕಿ. ಒಳಗೆ ಒಣ ಪೊರಕೆ ಬಿಟ್ಟು ಒದ್ದೆ ಬಟ್ಟೆ. ಊಟಕ್ಕೆ ಮುಂಚೆ ಸೋಪಿನಿಂದ ಕೈತೊಳೆಯುವುದು ಇಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ, ಯಾಕೆಂದರೆ ಮಕ್ಕಳಿಗೆ ಸೀಸ ಸೇರುವುದು ಉಸಿರಿಗಿಂತ ಹೆಚ್ಚಾಗಿ ಕೈಯಿಂದ ಬಾಯಿಗೆ. ಬ್ಯಾಟರಿ, ವೆಲ್ಡಿಂಗ್ ಕೆಲಸದವರು ಕೆಲಸದ ಬಟ್ಟೆಯನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು. ಅವರ ಮನೆಯ ಮಕ್ಕಳಿಗೆ ರಕ್ತದ ಸೀಸದ ಪರೀಕ್ಷೆ ಮಾಡಿಸಿ. ವಿಶ್ವ ಆರೋಗ್ಯ ಸಂಸ್ಥೆ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ತಪ್ಪಿಸಿ ಎನ್ನುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ಸುರಕ್ಷಿತ ಎಂದರ್ಥವಲ್ಲ.

ಪಂಚಾಯಿತಿ ಮಾಡಬಹುದಾದ ದೊಡ್ಡ ಕೆಲಸ ಏಪ್ರಿಲ್ ಕೊನೆಯಿಂದ ಮೇ ಒಳಗೆ ರಸ್ತೆಯಂಚು ಗುಡಿಸಿಸುವುದು. ಬೇಸಿಗೆಯಿಡೀ ಕೂತ ಧೂಳನ್ನು ಮುಂಗಾರಿನ ಮೊದಲ ಮಳೆಗಳೇ ಒಯ್ಯುತ್ತವೆ, ಕುಶಾಲನಗರದಲ್ಲಿ ಅದು ನೇರ ಕಾವೇರಿಗೆ. ಗುಡಿಸುವ ಮುಂಚೆ ನೀರು ಚಿಮುಕಿಸಬೇಕು, ಹರಿಯುವಷ್ಟು ಬೇಡ. ಗುಡಿಸಿದ್ದನ್ನು ತರಕಾರಿ ಪಾತಿಗೆ, ಗದ್ದೆಯ ಏರಿಗೆ, ಮನೆ ತಳಪಾಯಕ್ಕೆ ತುಂಬಬಾರದು. ಪೌರಕಾರ್ಮಿಕರಿಗೆ ಎನ್‌95 ಮಾಸ್ಕ್ ಕೊಡಲೇಬೇಕು, ಕೈವಸ್ತ್ರ ಕಟ್ಟಿಕೊಂಡರೆ ನುಣುಪು ಧೂಳು ನಿಲ್ಲುವುದಿಲ್ಲ.

ಮೂಲ ಒಂದು ಘಟಕವೇ ಎನ್ನಿಸಿದರೆ, ಒಂದು ಸುತ್ತಿನ ಮಾದರಿ ಹಿಡಿದು ಹೆಸರು ಹೇಳಬೇಡಿ. ಬೇರೆ ಬೇರೆ ವಾರದಲ್ಲಿ ಮೂರು ಸುತ್ತು, ಮೂರರಲ್ಲೂ ಗೇಟಿನಿಂದ ದೂರ ಹೋದಂತೆ ಅಂಕಿ ಇಳಿದಿರಬೇಕು, ಲೋಹಗಳ ಜೋಡಿ ಆ ಘಟಕದ ಕೆಲಸಕ್ಕೆ ಹೊಂದಬೇಕು. ಅದನ್ನು ಹಿನ್ನೆಲೆಯ ಅಂಕಿ, ಖಾಲಿ ಮಾದರಿ, ಪ್ರಯೋಗಾಲಯದ ಮೂಲ ವರದಿಯ ಸಮೇತ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ, ಮಂಡಳಿಯೇ ಮಾದರಿ ತೆಗೆಯಬೇಕೆಂದು ಕೇಳಿ. ಆ ಘಟಕಕ್ಕೆ ಕೊಟ್ಟ ಅನುಮತಿಯ ಷರತ್ತುಗಳನ್ನು ಮಾಹಿತಿ ಹಕ್ಕಿನಡಿ ಪಡೆದು ಜತೆಗಿಟ್ಟುಕೊಳ್ಳಿ. ಗ್ರಾಮಸಭೆಯಲ್ಲಿ ಓದಿ ನಡಾವಳಿಗೆ ಸೇರಿಸಿ.

ಉಳಿದ ಪುಡಿಯನ್ನು ಎಸೆಯಬೇಡಿ. ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಂಕೇತ ಬರೆದು, ಸಿಲಿಕಾ ಜೆಲ್ ಪೊಟ್ಟಣ ಹೊರಡಬ್ಬಿಯಲ್ಲಿಟ್ಟು, ಮಳೆಗಾಲದ ಬೂಷ್ಟು ತಾಗದ ಕಡೆ ಎತ್ತಿಡಿ. ಮುಂದಿನ ಜನವರಿಯಲ್ಲಿ ಅದೇ ಕಿಲೋಮೀಟರ್ ಕಲ್ಲಿನ ಬಳಿ ಮತ್ತೆ ಗುಡಿಸಿದಾಗ, ಹೊಸ ಮಾದರಿಗಳ ಜತೆ ಹಳೆಯದರಲ್ಲಿ ಎರಡನ್ನು ಹೊಸ ಸಂಕೇತದಲ್ಲಿ ಕಳಿಸಿ. ಅವೆರಡರ ಅಂಕಿ ಕಳೆದ ವರ್ಷದಷ್ಟೇ ಬಂದರೆ, ಉಳಿದ ಜಾಗಗಳಲ್ಲಿ ಕಂಡ ಬದಲಾವಣೆ ರಸ್ತೆಯದು, ಯಂತ್ರದ್ದಲ್ಲ.